ಇಳಿದದ್ದು ಉಳಿಯಬೇಕಾದರೆ

(ಮಂಡ್ಯದಲ್ಲಿ ಮಹಿಳಾ ಸಂಘವೊಂದು ಭಾನುವಾರ ಬೆಳಿಗ್ಗೆ ಏರ್ಪಡಿಸಿದ್ದ ಆರೋಗ್ಯ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಕೆಲವು ಕಡೆ ಹಿಗ್ಗಿಸಿದ್ದೇನೆ. ರೋಗಿಗಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ವಾರ ನನ್ನ ಕ್ಲಿನಿಕ್ಕಿಗೆ ಒಬ್ಬ ಟೀಚರ್ ಬಂದಿದ್ದರು. ಮದ್ದೂರು ಕಡೆಯವರು, ವಯಸ್ಸು ಐವತ್ತರ ಹತ್ತಿರ. ಒಳಗೆ ಬಂದವರೇ ಕುರ್ಚಿಯಲ್ಲಿ ಕೂತರು. ತೂಕದ ಮಷಿನ್ ಕಡೆ ನೋಡಲೇ ಇಲ್ಲ. ಎರಡು ವರ್ಷದ ಹಿಂದೆ ಇದೇ ಹೆಂಗಸು ಬಂದ ಕೂಡಲೇ ಚಪ್ಪಲಿ ಬಿಟ್ಟು, ಕೈಚೀಲ ಇಳಿಸಿ, ಮೊಬೈಲನ್ನೂ ಮೇಜಿನ ಮೇಲಿಟ್ಟು ಮಷಿನ್ ಹತ್ತುತ್ತಿದ್ದರು. ಒಂದು ಗ್ರಾಮೂ ಜಾಸ್ತಿ ತೋರಿಸಬಾರದು ಅಂತ. ಆಗ ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ತಗೊಳ್ಳುತ್ತಿದ್ದರು. ಹದಿನಾಲ್ಕು ಕೆಜಿ ಇಳಿದಿದ್ದರು. ಮಂಡಿನೋವು ಹೋಗಿತ್ತು, ಬಿಪಿ ಮಾತ್ರೆ ಎರಡಿದ್ದದ್ದು ಒಂದಾಗಿತ್ತು. ಮಗಳ ಮದುವೆ ಆಯಿತು, ಸಾಲ ಇತ್ತು, ಇಂಜೆಕ್ಷನ್ ನಿಲ್ಲಿಸಿದರು. ನನಗೆ ಹೇಳಲಿಲ್ಲ. ಏಳು ತಿಂಗಳು ಈ ಕಡೆ ಸುಳಿಯಲಿಲ್ಲ.

ಈಗ ಬಂದು ಕೂತು ಹೇಳಿದ್ದು ಒಂದೇ ಮಾತು: "ಮೇಡಂ, ಬೈಯಬೇಡಿ. ಒಂಬತ್ತು ಕೆಜಿ ವಾಪಸ್ ಬಂದಿದೆ. ನನ್ನ ಬಾಯಿಗೆ ಬೀಗ ಹಾಕ್ಕೊಳ್ಳೋಕೆ ಆಗಲಿಲ್ಲ."

ಆ "ಬೈಯಬೇಡಿ" ಅನ್ನೋ ಮಾತು ನನ್ನನ್ನು ಬಹಳ ನೋಯಿಸಿತು. ತಪ್ಪು ಅವರದಾಗಿರಲಿಲ್ಲ. ಶುರು ಮಾಡಿದ ದಿನವೇ ನಾನು ಕೂತು ಹೇಳಬೇಕಿದ್ದ ವಿಷಯವನ್ನು ಪೂರ್ತಿ ಹೇಳಿರಲಿಲ್ಲ. ಆ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಈ ಇಂಜೆಕ್ಷನ್ ತಗೊಂಡರೆ ತೂಕ ಇಳಿಯುತ್ತದಾ ಅನ್ನೋದು ಈಗ ಪ್ರಶ್ನೆಯೇ ಅಲ್ಲ, ಬಹಳ ಜನರಿಗೆ ಇಳಿಯುತ್ತದೆ. ಇಳಿದ ಮೇಲೆ ಏನು? ಮೂರನೇ ವರ್ಷದಲ್ಲಿ ನೀವು ಎಲ್ಲಿರುತ್ತೀರಿ? ಮೊದಲ ಡೋಸ್ ಚುಚ್ಚುವ ಮುಂಚೆ ಕೇಳಬೇಕಾದ ಪ್ರಶ್ನೆ ಅದು.

ಮೊದಲು ಈ ಔಷಧಿ ಏನು ಅಂತ ಸ್ವಲ್ಪ. ನಾವು ಉಂಡಾಗ ಕರುಳಿನಿಂದ ಜಿಎಲ್‌ಪಿ-1 ಅನ್ನೋ ಹಾರ್ಮೋನು ರಕ್ತಕ್ಕೆ ಬರುತ್ತದೆ. ಇನ್ಸುಲಿನ್ ಬಿಡುಗಡೆಗೆ ನೆರವಾಗುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಮೆದುಳಿಗೆ "ಸಾಕು" ಅಂತ ಹೇಳುತ್ತದೆ. ಆದರೆ ಅದರ ಆಯಸ್ಸು ಒಂದೆರಡು ನಿಮಿಷ. ಅಷ್ಟರಲ್ಲಿ ಕರಗಿಹೋಗುತ್ತದೆ. ಹಾಗಾಗಿ ಅದನ್ನೇ ಔಷಧಿ ಮಾಡೋಕೆ ಆಗುತ್ತಿರಲಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಜಾನ್ ಎಂಗ್ ಅನ್ನೋ ವೈದ್ಯರು ಗಿಲಾ ಮಾನ್‌ಸ್ಟರ್ ಅನ್ನೋ ಹಲ್ಲಿ ಜಾತಿಯ ಪ್ರಾಣಿಯ ವಿಷದಲ್ಲಿ ಇದನ್ನು ಹೋಲುವ, ಹೆಚ್ಚು ಹೊತ್ತು ಉಳಿಯುವ ವಸ್ತುವನ್ನು ಕಂಡುಹಿಡಿದರು. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಶುಗರ್ ಕಾಯಿಲೆಗೆ ಒಪ್ಪಿಗೆ ಪಡೆಯಿತು. ಆಮೇಲೆ ದಿನಕ್ಕೊಮ್ಮೆ ಚುಚ್ಚುವ ಲಿರಾಗ್ಲುಟೈಡ್, ಆಮೇಲೆ ವಾರಕ್ಕೊಮ್ಮೆಯ ಸೆಮಾಗ್ಲುಟೈಡ್. ನೀವು ಕೇಳಿರುವ ಒಜೆಂಪಿಕ್, ವೆಗೋವಿ ಎರಡೂ ಸೆಮಾಗ್ಲುಟೈಡೇ. ಮೌಂಜಾರೋ ಅನ್ನೋದು ಟಿರ್ಜೆಪಟೈಡ್, ಅದು ಎರಡು ಹಾರ್ಮೋನುಗಳ ಕೆಲಸ ಮಾಡುತ್ತದೆ. ಮೌಂಜಾರೋ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು.

ಈ ಸಂಶೋಧನೆಗೆ 2024ರಲ್ಲಿ ಲಾಸ್ಕರ್ ಅನ್ನೋ ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿ ಬಂತು. ಪಡೆದ ಮೂವರಲ್ಲಿ ಇಬ್ಬರು ಹೆಂಗಸರು: ಸ್ವೆಟ್ಲಾನಾ ಮೊಯ್ಸೊವ್ ಮತ್ತು ಲೊಟ್ಟೆ ಬ್ಯೆರೆ ನೂಡ್ಸನ್. ಅದರಲ್ಲೂ ಮೊಯ್ಸೊವ್ ಅವರ ಕೆಲಸ ಎಷ್ಟೋ ವರ್ಷ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮಹಿಳಾ ಸಂಘದ ಸಭೆಯಲ್ಲಿ ಆ ಹೆಸರು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸು ಬರುವುದಿಲ್ಲ.

ಈಗ ವಿಷಯಕ್ಕೆ ಬರೋಣ. ಇಳಿದ ತೂಕ ಯಾಕೆ ವಾಪಸ್ ಬರುತ್ತದೆ?

ಮಳೆಗಾಲದಲ್ಲಿ ನಾವೆಲ್ಲ ಬೆಳಿಗ್ಗೆ ಎದ್ದು ಪೇಪರಿನಲ್ಲಿ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. 124.80 ಅಡಿ ಭರ್ತಿ. ಮಟ್ಟ ಇಳಿದರೆ ಏನು ಮಾಡುತ್ತಾರೆ? ನಾಲೆಗೆ ಬಿಡುವ ನೀರು ಕಮ್ಮಿ ಮಾಡುತ್ತಾರೆ, ಸರದಿಯ ಮೇಲೆ ನೀರು ಬಿಡುವ ಕಟ್ಟು ಪದ್ಧತಿ ತರುತ್ತಾರೆ. ಇಡೀ ಜಿಲ್ಲೆ ಮುಗಿಲು ನೋಡುತ್ತಾ ಕೂರುತ್ತದೆ. ನಮ್ಮ ಮೆದುಳೂ ಮೈಯಲ್ಲಿರುವ ಕೊಬ್ಬಿನ ಮಟ್ಟವನ್ನು ಹೀಗೇ ಕಾಯುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಅನ್ನೋ ಹಾರ್ಮೋನು ಅದಕ್ಕೆ ಅಳತೆಪಟ್ಟಿ. 1994ರಲ್ಲಿ ಇದು ಗೊತ್ತಾಯಿತು. ಕೊಬ್ಬು ಇಳಿದರೆ ಲೆಪ್ಟಿನ್ ಇಳಿಯುತ್ತದೆ, ಮೆದುಳು "ಬರ ಬಂತು" ಅಂದುಕೊಳ್ಳುತ್ತದೆ. ದೇಹ ಖರ್ಚು ಮಾಡುವ ಶಕ್ತಿಗೆ ಕಡಿವಾಣ ಹಾಕುತ್ತದೆ, ಹಸಿವನ್ನು ಏರಿಸುತ್ತದೆ. ಕಟ್ಟೆ ತುಂಬಿ ಹರಿಯುತ್ತಿದ್ದ ವರ್ಷದ ಮಟ್ಟವನ್ನೇ ಅದು ಸರಿಯಾದ ಮಟ್ಟ ಅಂತ ನೆನಪಿಟ್ಟುಕೊಂಡಿರುತ್ತದೆ.

ಇದು ನನ್ನ ಊಹೆಯಲ್ಲ. 2011ರಲ್ಲಿ ಆಸ್ಟ್ರೇಲಿಯಾದ ವೈದ್ಯರು 50 ಜನರಿಗೆ ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಕೊಟ್ಟು ತೂಕ ಇಳಿಸಿ, ಒಂದು ವರ್ಷ ಬಿಟ್ಟು ಅವರ ಹಾರ್ಮೋನು ನೋಡಿದರು. ಹಸಿವು ಏರಿಸುವ ಹಾರ್ಮೋನುಗಳು ಆಗಲೂ ಏರಿಯೇ ಇದ್ದವು. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷ ಕಳೆದು ಪರೀಕ್ಷೆ ಮಾಡಿದಾಗ, ಅವರ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಮ್ಮಿ ಇತ್ತು. ಆರು ವರ್ಷ ಆದಮೇಲೂ! ಬಾಯಿಗೆ ಬೀಗ ಹಾಕ್ಕೊಳ್ಳಿ ಅಂತ ಇಪ್ಪತ್ತು ವರ್ಷ ರೋಗಿಗಳಿಗೆ ಹೇಳುತ್ತಾ ಬಂದವಳು ನಾನು. ಈ ಲೆಕ್ಕಗಳನ್ನು ಓದಿದ ಮೇಲೆ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಇಂಜೆಕ್ಷನ್ ಮಾಡುವುದೇನೆಂದರೆ, ಕಟ್ಟೆ ಇಳಿದಿದ್ದರೂ ಕಾವಲುಗಾರನಿಗೆ "ನೀರು ಸಾಕಷ್ಟಿದೆ" ಅಂತ ವಾರವಾರವೂ ಸುದ್ದಿ ಮುಟ್ಟಿಸುತ್ತದೆ. ಒಬ್ಬ ಹೆಣ್ಣುಮಗಳು ನನಗೆ ಹೇಳಿದ್ದು: "ತಲೇಲಿ ಜೇನುಗೂಡು ಗುಂಯ್ ಅಂತಿತ್ತು ಡಾಕ್ಟ್ರಮ್ಮ, ತಿಂಡಿ ತಿಂಡಿ ಅಂತ. ಅದು ಸುಮ್ಮನಾಯ್ತು." ಸೂಜಿ ನಿಂತ ಮೇಲೆ ಸುದ್ದಿ ನಿಲ್ಲುತ್ತದೆ. ಜೇನುಗೂಡು ಎಲ್ಲಿಗೂ ಹೋಗಿರುವುದಿಲ್ಲ.

ಅದರ ಲೆಕ್ಕವೂ ನಮ್ಮ ಹತ್ತಿರ ಇದೆ. 2021ರಲ್ಲಿ ಪ್ರಕಟವಾದ ಸ್ಟೆಪ್-1 ಅನ್ನೋ ದೊಡ್ಡ ಅಧ್ಯಯನದಲ್ಲಿ 1,961 ಜನ ಇದ್ದರು. ಸೆಮಾಗ್ಲುಟೈಡ್ ತಗೊಂಡವರು 68 ವಾರಕ್ಕೆ ಸರಾಸರಿ ನೂರಕ್ಕೆ 14.9 ಭಾಗ ತೂಕ ಇಳಿದರು. ಅವರಲ್ಲಿ ಕೆಲವರನ್ನು ಔಷಧಿ ನಿಲ್ಲಿಸಿ ಇನ್ನೊಂದು ವರ್ಷ ನೋಡಿದರು. ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಔಷಧಿ ನಿಲ್ಲಿಸಿದ ಈ ಚಿಕ್ಕ ಗುಂಪಿನ ಸರಾಸರಿಯನ್ನು ನೂರು ಕೆಜಿಯವರಿಗೆ ಹೊಂದಿಸಿದರೆ, ಸುಮಾರು 83ಕ್ಕೆ ಇಳಿದು, ವರ್ಷದೊಳಗೆ ಮತ್ತೆ 94ರ ಆಸುಪಾಸು. ಇಳಿದಿದ್ದ ಬಿಪಿಯೂ ಏರಿತು. ಟಿರ್ಜೆಪಟೈಡ್ ಅಧ್ಯಯನವೊಂದರಲ್ಲಿ 36 ವಾರ ಎಲ್ಲರಿಗೂ ಔಷಧಿ ಕೊಟ್ಟು, ಆಮೇಲೆ ಅರ್ಧ ಜನರಿಗೆ ಅವರಿಗೇ ಗೊತ್ತಾಗದ ಹಾಗೆ ಬರೀ ನೀರಿನಂಥ ಇಂಜೆಕ್ಷನ್ ಕೊಟ್ಟರು. ಒಂದು ವರ್ಷದಲ್ಲಿ ಅವರ ತೂಕ ನೂರಕ್ಕೆ 14 ಭಾಗ ಏರಿತು. ಔಷಧಿ ಮುಂದುವರಿಸಿದವರು ಇನ್ನೂ ಐದೂವರೆ ಭಾಗ ಇಳಿದರು. ಇದರಲ್ಲಿ ಯಾರ ಛಲ ದೊಡ್ಡದು, ಯಾರ ನಾಲಿಗೆ ಚಪಲ ದೊಡ್ಡದು ಅಂತ ಹೇಳುತ್ತೀರಿ? ಚೀಟಿ ಎತ್ತಿದ ಹಾಗೆ ಗುಂಪು ಮಾಡಿದ್ದು.

ಮುಂದುವರಿಸಿದರೆ ಉಳಿಯುತ್ತದಾ? ಉಳಿಯುತ್ತದೆ. ಸೆಮಾಗ್ಲುಟೈಡಿನ ಎರಡು ವರ್ಷದ ಅಧ್ಯಯನದಲ್ಲಿ ಸರಾಸರಿ ನೂರಕ್ಕೆ 15.2 ಭಾಗದ ಇಳಿಕೆ ಹಾಗೇ ನಿಂತಿತು. ಹೃದಯದ ಕಾಯಿಲೆ ಇದ್ದು ಶುಗರ್ ಇಲ್ಲದ 17,604 ಜನರ ಸೆಲೆಕ್ಟ್ ಅಧ್ಯಯನದಲ್ಲಿ ನಾಲ್ಕು ವರ್ಷಕ್ಕೂ ಸುಮಾರು ಹತ್ತು ಭಾಗದ ಇಳಿಕೆ ಉಳಿದಿತ್ತು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಕಾಯಿಲೆಯ ಸಾವು ಒಟ್ಟು ಸೇರಿ ನೂರಕ್ಕೆ ಇಪ್ಪತ್ತು ಕಮ್ಮಿ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯೂ ಬೊಜ್ಜನ್ನು ದೀರ್ಘಕಾಲದ ಕಾಯಿಲೆ ಅಂತಲೇ ಕರೆದು, ದೊಡ್ಡವರಲ್ಲಿ ಈ ಔಷಧಿಯನ್ನು ದೀರ್ಘಕಾಲ ಬಳಸಬಹುದು ಅಂದಿದೆ. ಅದಕ್ಕೆ ಷರತ್ತೂ ಇಟ್ಟಿದೆ, ಯಾಕೆಂದರೆ ಬಹಳ ವರ್ಷಗಳ ಮಾಹಿತಿ ಇನ್ನೂ ಸಾಲದು, ಬೆಲೆಯೂ ಹೆಚ್ಚು.

ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದೆ ಅಂತ ನಮಗೆಲ್ಲ ಗೊತ್ತು. ಏರಿದವರನ್ನು ಯಾರೂ ಆಡಿಕೊಳ್ಳುವುದಿಲ್ಲ. ತೂಕದ ವಿಷಯ ಬಂದಾಗ ಮಾತ್ರ ಮದುವೆಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ನ್ಯಾಯಾಧೀಶರಾಗುತ್ತಾರೆ.

ಹಾಗಾದರೆ ಎಲ್ಲರೂ ಜೀವಮಾನವೆಲ್ಲ ಚುಚ್ಚಿಕೊಳ್ಳಬೇಕಾ? ಇಲ್ಲಿ ದುಡ್ಡಿನ ಮಾತು ಆಡಲೇಬೇಕು. ವೆಗೋವಿ ಬಂದಾಗ ಶುರುವಿನ ಡೋಸಿಗೇ ತಿಂಗಳಿಗೆ 17,345 ರೂಪಾಯಿ. ಪೂರ್ತಿ ಡೋಸಿಗೆ 26,000 ದಾಟಿತ್ತು. ಅದೇ ವರ್ಷದ ಕೊನೆಗೆ ಕಂಪನಿ ಬೆಲೆ ಇಳಿಸಿತು. ಸೆಮಾಗ್ಲುಟೈಡಿನ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಅದು ಮುಗಿದ ಮೇಲೆ ನಮ್ಮ ಕಂಪನಿಗಳಿಗೇ ತಯಾರಿಸುವ ದಾರಿ ಇದೆ. ಇದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೂ ತಿಂಗಳು ತಿಂಗಳೂ ಕಟ್ಟಬೇಕಾದ ಹಣ ಅದು. ಶುಗರ್ ಇರುವ ಒಬ್ಬ ಕಬ್ಬು ಬೆಳೆಗಾರರು ನನ್ನ ಹತ್ತಿರ ಬರುತ್ತಾರೆ. ಮೂರು ತಿಂಗಳು ತಗೊಂಡರು, ಎರಡು ತಿಂಗಳು ಬಿಟ್ಟರು. ಕೇಳಿದ್ದಕ್ಕೆ, "ಕಬ್ಬಿನ ದುಡ್ಡು ಬರೋ ಗಂಟ ನಿಲ್ಸಿವ್ನಿ ಕನವ್ವ, ಬಂದೇಟ್ಗೆ ಅದೇ ದೊಡ್ಡ ಡೋಸ್ ಚುಚ್ಕೊತೀನಿ" ಅಂದರು.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ಔಷಧಿಯನ್ನು ಚಿಕ್ಕ ಡೋಸಿನಿಂದ ಶುರು ಮಾಡಿ, ತಿಂಗಳಿಗೊಮ್ಮೆ ಮೆಟ್ಟಿಲು ಹತ್ತಿದ ಹಾಗೆ ಏರಿಸುವುದು. ಸೆಮಾಗ್ಲುಟೈಡ್ ಆದರೆ 0.25 ಮಿಲಿಗ್ರಾಂನಿಂದ 2.4ರವರೆಗೆ. ಹೊಟ್ಟೆ ಅದಕ್ಕೆ ಒಗ್ಗಿಕೊಳ್ಳಲಿ ಅಂತ. ಎರಡು ತಿಂಗಳು ಬಿಟ್ಟು ಏಕಾಏಕಿ ದೊಡ್ಡ ಡೋಸ್ ಚುಚ್ಚಿದರೆ ವಾಂತಿ, ಭೇದಿಯಾಗಿ ನೀರಿನಂಶ ಹೋಗಿ ಆಸ್ಪತ್ರೆ ಸೇರುವ ಹಾಗಾಗುತ್ತದೆ. ಸಾಲಾಗಿ ಎರಡು ಮೂರು ವಾರ ತಪ್ಪಿದ್ದರೂ ಸಾಕು, ಎಲ್ಲಿಂದ ಶುರು ಮಾಡಬೇಕು ಅಂತ ಡಾಕ್ಟರನ್ನು ಕೇಳಿ. ಇನ್ಸುಲಿನ್ನೋ ಬೇರೆ ಶುಗರ್ ಮಾತ್ರೆಯೋ ಜೊತೆಗಿದ್ದರೆ ಇನ್ನೂ ಎಚ್ಚರ. ಶುರು ಮಾಡಿದಾಗ ಅವುಗಳ ಡೋಸ್ ಇಳಿಸಿರುತ್ತೇವೆ, ನಿಲ್ಲಿಸಿದಾಗ ಮತ್ತೆ ನೋಡಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಎರಡು ವರ್ಷವಾದರೂ ಹಣ ಹೊಂದಿಸಬಲ್ಲೆವಾ ಅಂತ ಮನೆಯವರೆಲ್ಲ ಕೂತು ಲೆಕ್ಕ ಹಾಕದೆ ಶುರು ಮಾಡಬೇಡಿ. ಮಗಳ ನಿಶ್ಚಿತಾರ್ಥಕ್ಕೆ ಐದು ಕೆಜಿ ಇಳಿಯಲಿ ಅಂತ ಕರೆದುಕೊಂಡು ಬರುವ ತಾಯಂದಿರಿಗೆ ನಾನು ಬರೆದುಕೊಡುವುದಿಲ್ಲ. ಆ ಹುಡುಗಿಗೆ ಕಾಯಿಲೆ ಇಲ್ಲ. ಬೇಗ ಮಗು ಬೇಕು ಅನ್ನುವವರಿಗಂತೂ ಇದು ಸಲ್ಲ. ಸೆಮಾಗ್ಲುಟೈಡನ್ನು ಗರ್ಭ ಧರಿಸುವ ಕನಿಷ್ಠ ಎರಡು ತಿಂಗಳ ಮುಂಚೆಯೇ ನಿಲ್ಲಿಸಿರಬೇಕು. ಮೆಡುಲರಿ ಅನ್ನೋ ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ತಗೊಳ್ಳುವಂತಿಲ್ಲ. ಮೇದೋಜೀರಕ ಗ್ರಂಥಿಯ ಊತ ಹಿಂದೆ ಬಂದಿದ್ದರೆ ಮೊದಲೇ ಹೇಳಿ. ಬೆನ್ನಿಗೆ ಹರಿಯುವಂಥ ಜೋರು ಹೊಟ್ಟೆನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ, ತಕ್ಷಣ ಬನ್ನಿ.

ಈಗ ನಾನು ಹೆಚ್ಚು ಹೊತ್ತು ಮಾತಾಡಬೇಕು ಅಂದುಕೊಂಡು ಬಂದದ್ದು ಸ್ನಾಯುಗಳ ಬಗ್ಗೆ. ತೂಕ ಇಳಿದಾಗ ಕೊಬ್ಬು ಮಾತ್ರ ಇಳಿಯುವುದಿಲ್ಲ. ಇಳಿದದ್ದರಲ್ಲಿ ಕಾಲು ಭಾಗದಿಂದ ನೂರಕ್ಕೆ ನಲವತ್ತರವರೆಗೆ ಸ್ನಾಯು ಮತ್ತಿತರ ಕೊಬ್ಬಲ್ಲದ ಅಂಶ ಇರಬಹುದು. ನಿಲ್ಲಿಸಿದ ಮೇಲೆ ವಾಪಸ್ ಬರುವುದು ಹೆಚ್ಚಾಗಿ ಕೊಬ್ಬು. ಎರಡು ಮೂರು ಸಲ ಹೀಗೆ ಹತ್ತಿ ಇಳಿದರೆ ತೂಕ ಅಷ್ಟೇ ಇದ್ದರೂ ಮೈಯಲ್ಲಿ ಕಸುವು ಇರುವುದಿಲ್ಲ. ಅರವತ್ತು ದಾಟಿದವರಿಗೆ ಇದು ಬೀಳುವ, ಮೂಳೆ ಮುರಿಯುವ ದಾರಿ.

ನಾನು ಕ್ಲಿನಿಕ್ಕಿನಲ್ಲಿ ಒಂದು ಗಿಡ್ಡ ಸ್ಟೂಲ್ ಇಟ್ಟಿದ್ದೇನೆ. ಊಟದ ಮಣೆಗಿಂತ ಸ್ವಲ್ಪ ಎತ್ತರ. ಇಂಜೆಕ್ಷನ್ ಶುರು ಮಾಡುವ ದಿನ ಅದರ ಮೇಲೆ ಕೂರಿಸಿ, ಎರಡೂ ಕೈ ಎದೆಯ ಮೇಲೆ ಕಟ್ಟಿಸಿ, ಕೈಯೂರದೆ ಏಳಿ ಅನ್ನುತ್ತೇನೆ. ಎಷ್ಟು ಸಲ ಏಳುತ್ತಾರೆ ಬರೆದುಕೊಳ್ಳುತ್ತೇನೆ. ತಿಂಗಳಿಗೊಮ್ಮೆ ತೂಕದ ಪಕ್ಕದಲ್ಲಿ ಆ ಸಂಖ್ಯೆಯನ್ನೂ ಬರೆಯುತ್ತೇನೆ. ಆ ಟೀಚರನ್ನು ಹೋದ ವಾರ ಕೂರಿಸಿದೆ. ಮೊದಲ ಸಲ ಎದ್ದರು. ಎರಡನೇ ಸಲ ಅರ್ಧಕ್ಕೆ ಬಂದು ಕಾಲು ನಡುಗಿತು, ಬಲಗೈ ತಾನಾಗಿ ಮಂಡಿಯ ಮೇಲೆ ಊರಿತು. ಎರಡು ವರ್ಷದ ಹಿಂದೆ ತೊಂಬತ್ತೆಂಟು ಕೆಜಿ ಹೊತ್ತುಕೊಂಡೇ ಆರು ಸಲ ಎದ್ದಿದ್ದರು. ಮಷಿನ್ ಹತ್ತದಿದ್ದರೂ ನನಗೆ ಬೇಕಾದ್ದು ಗೊತ್ತಾಯಿತು.

ಇಂಜೆಕ್ಷನ್ ನಡೆಯುತ್ತಿದ್ದಾಗ ಅವರು ಏನು ತಿನ್ನುತ್ತಿದ್ದರು ಅಂತ ಕೇಳಿದೆ. ಬೆಳಿಗ್ಗೆ ಎರಡು ಇಡ್ಲಿ. ಮಧ್ಯಾಹ್ನ ನಿಂಬೆಹಣ್ಣಿನ ಗಾತ್ರದ ಮುದ್ದೆ, ಬಸ್ಸಾರು. ರಾತ್ರಿ ಒಂದು ಲೋಟ ಮಜ್ಜಿಗೆ. ಹಸಿವಿಲ್ಲ, ಸಾಕು.

ನಮ್ಮ ಊಟ ಒಳ್ಳೆಯದೇ, ರಾಗಿಯಂಥ ಧಾನ್ಯ ಇನ್ನೊಂದಿಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ ಪ್ರೊಟೀನ್ ಏಳು ಗ್ರಾಂ ಆಸುಪಾಸು. ಹುರುಳಿಕಾಳಿನಲ್ಲಿ ಇಪ್ಪತ್ತು ದಾಟುತ್ತದೆ. ಈಗ ಬಸ್ಸಾರು ಹೇಗೆ ಮಾಡುತ್ತೇವೆ? ಕಾಳು ಬೇಯಿಸಿ, ಬಸಿದು, ಕಟ್ಟನ್ನು ಸಾರಿಗೆ ಹಾಕುತ್ತೇವೆ, ಕಾಳನ್ನು ಪಲ್ಯ ಮಾಡುತ್ತೇವೆ. ಪ್ರೊಟೀನ್ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಮನೆಯ ಹೆಂಗಸರು ಕಡೆಗೆ ಉಣ್ಣಲು ಕೂತಾಗ ಪಲ್ಯದ ಪಾತ್ರೆಯ ತಳ ಕಾಣಿಸುತ್ತಿರುತ್ತದೆ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರೆ ಊಟ ಮುಗಿಯಿತು. ಹಸಿವೇ ಇಲ್ಲದವರಿಗೆ ಅಷ್ಟೂ ಬೇಡ. ತೂಕ ಇಳಿಸುವ ಕಾಲದಲ್ಲಿ ಮೈತೂಕದ ಪ್ರತಿ ಕೆಜಿಗೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚೇ ಪ್ರೊಟೀನ್ ಬೇಕು, ಕಿಡ್ನಿ ತೊಂದರೆ ಇಲ್ಲದಿದ್ದರೆ. ಎಪ್ಪತ್ತು ಕೆಜಿಯವರಿಗೆ ಎಂಬತ್ತು ಗ್ರಾಂ ಅಂದುಕೊಳ್ಳಿ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. ನಾನು ಹೇಳುವುದು ಇಷ್ಟೇ: ಮೊದಲು ಕಾಳು, ಮೊಟ್ಟೆ, ಮೀನು, ಕೋಳಿ, ಮೊಸರು, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದನ್ನು ತಿನ್ನಿ. ಆಮೇಲೆ ಹೊಟ್ಟೆಯಲ್ಲಿ ಜಾಗ ಇದ್ದರೆ ಮುದ್ದೆ, ಅನ್ನ.

ನಡಿಗೆ ಒಳ್ಳೆಯದು, ಬಿಡಬೇಡಿ. ಆದರೆ ಸ್ನಾಯು ಉಳಿಯಲು ಭಾರ ಎತ್ತಬೇಕು. ಜಿಮ್ಮೇ ಆಗಬೇಕಿಲ್ಲ. ಎರಡು ಬಾಟಲಿ ನೀರು, ಗಿಡ್ಡ ಸ್ಟೂಲು, ಗೋಡೆ ಸಾಕು. ಡೆನ್ಮಾರ್ಕಿನಲ್ಲಿ ಒಂದು ಅಧ್ಯಯನ ಮಾಡಿದ್ದಾರೆ. ಒಂದು ವರ್ಷ ಲಿರಾಗ್ಲುಟೈಡ್ ಜೊತೆಗೆ ವ್ಯಾಯಾಮವನ್ನೂ ಮಾಡಿಸಿ, ಎರಡನ್ನೂ ನಿಲ್ಲಿಸಿ ಮತ್ತೊಂದು ವರ್ಷ ನೋಡಿದರು. ಬರೀ ಔಷಧಿ ತಗೊಂಡವರಿಗಿಂತ, ಜೊತೆಗೆ ವ್ಯಾಯಾಮ ಮಾಡಿದ್ದವರಲ್ಲಿ ತೂಕ ವಾಪಸ್ ಬಂದದ್ದು ಕಮ್ಮಿ. ಔಷಧಿ ಹಸಿವನ್ನು ಹಿಡಿದಿಟ್ಟಿರುವ ಕಾಲ ಈ ಅಭ್ಯಾಸ ಊರಿಕೊಳ್ಳಲು ಸಿಗುವ ಕಾಲ. ಆ ಟೀಚರಿಗೆ ಆ ಕಾಲ ಸಿಕ್ಕಿತ್ತು, ನಾನು ಬಳಸಿಕೊಳ್ಳಲು ಹೇಳಿಕೊಡಲಿಲ್ಲ.

ನಿಲ್ಲಿಸಲೇಬೇಕಾದಾಗ ಹೇಳಿ ನಿಲ್ಲಿಸಿ. ಒಂದೇ ಸಲ ಬಿಡುವ ಬದಲು ಡೋಸ್ ಇಳಿಸುತ್ತಾ ಬರಬಹುದು. ಕೆಲವರಿಗೆ ಚಿಕ್ಕ ಡೋಸಿನಲ್ಲೇ ತೂಕ ನಿಲ್ಲುತ್ತದೆ, ಖರ್ಚೂ ಕಮ್ಮಿ ಆಗುತ್ತದೆ. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ಕೆಜಿ ಏರಿದರೆ ಬರಬೇಕು ಅಂತ ನಾನು ಈಗ ಎಲ್ಲರಿಗೂ ಮೊದಲೇ ಹೇಳಿರುತ್ತೇನೆ. ಒಂಬತ್ತು ಏರುವವರೆಗೆ ನಾಚಿಕೆಯಿಂದ ಮನೆಯಲ್ಲಿ ಕೂರಬಾರದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಅಜ್ಜಿ, ಕರೆಂಟ್ ಹೋದರೆ ಫ್ರಿಜ್ಜಿನಲ್ಲಿಟ್ಟ ಇಂಜೆಕ್ಷನ್ ಪೆನ್ನು ಕೆಡುತ್ತದಾ ಅಂತ ಕೇಳಿದರು. ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ. ಐಸ್ ಕಟ್ಟುವ ಭಾಗಕ್ಕೆ ತಾಗಿಸಿ ಇಡಬಾರದು, ಹೆಪ್ಪುಗಟ್ಟಿದ ಔಷಧಿಯನ್ನು ಬಿಸಾಡಬೇಕು ಅಂದೆ. ಆಪರೇಷನ್ ಇದ್ದರೆ ಅಂತ ಇನ್ನೊಬ್ಬರು. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಅರಿವಳಿಕೆ ಕೊಡುವ ಡಾಕ್ಟರಿಗೆ ಮುಂಚೆಯೇ ಹೇಳಲೇಬೇಕು.

ಹಿಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದವರೊಬ್ಬರು ಎದ್ದು ನಿಂತು, "ಮೇಡಂ, ಇವಳು ಆರು ತಿಂಗಳಿಂದ ತಗೋತಾವ್ಳೆ. ಮನೇಲಿ ನಾವೇನು ಮಾಡಬೇಕು?" ಅಂದರು. ಬೆಳಿಗ್ಗೆಯಿಂದ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಇನ್ನೊಂದು ತುತ್ತು ಅಂತ ಬಲವಂತ ಮಾಡಬೇಡಿ, ಇನ್ನೂ ಸೂಜಿ ಬಿಟ್ಟಿಲ್ಲವಾ ಅಂತಲೂ ಕೇಳಬೇಡಿ ಅಂದೆ. ಸಂಜೆ ಹತ್ತು ನಿಮಿಷ ನೀವೂ ಜೊತೆಗೆ ಕೂತು ಏಳಿ. ಊಟಕ್ಕೆ ಮೊದಲು ಅವರ ತಟ್ಟೆಗೆ ಕಾಳುಪಲ್ಯ ಬಡಿಸಿ.

"ಕಾಳು ನಾನೇ ಬೇಯಿಸ್ತೀನಿ ಬುಡಿ. ಎಷ್ಟು ಹಾಕ್ಲಿ?"

"ಒಬ್ಬರಿಗೆ ಒಂದು ಹಿಡಿ ತುಂಬ, ನೆನೆಹಾಕುವ ಮುಂಚೆ ಅಳೆದು. ಬಸಿದ ಮೇಲೆ ಸಾರಿಗೆ ರುಬ್ಬಲು ಅವರ ಪಾಲಿನದ್ದನ್ನು ತೆಗೆಯಬೇಡಿ."